ಕರೆದಾಗ ಓಗೊಡುವವರು ಯಾರು? ಒಬ್ಬ ‘ಅರಸು’ವಿನ ಮೊದಲ ನಾಲ್ಕು ವರ್ಷ

ದಕ್ಷಿಣ ಕನ್ನಡದ ಒಂದು ಹಳೆಯ ಅರಸು ಮನೆತನದ ಪ್ರಕರಣ ಇದು. ಮನೆತನದ ಹೆಸರು, ಊರು, ದೈವದ ಹೆಸರು ಯಾವುದನ್ನೂ ಬರೆಯುತ್ತಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮನೆಯವರಿಗೆ ಓದಿ ಹೇಳಿ, ಅವರು ಆಗಬಹುದು ಅಂದ ಮೇಲೆಯೇ ಹೊರಗೆ ಬಿಡುತ್ತಿದ್ದೇನೆ. ನಾನು ಆ ಸೀಮೆಯ ದೇವಸ್ಥಾನದ ಸಮಿತಿಯಲ್ಲಿ ಕಾರ್ಯದರ್ಶಿಯಾಗಿದ್ದವನು. ಮೀಟಿಂಗಿನ ಪುಸ್ತಕ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಹಾಗಾಗಿ ನಡೆದದ್ದೆಲ್ಲ ಹೆಚ್ಚುಕಡಿಮೆ ನನ್ನ ಕಣ್ಣೆದುರೇ ನಡೆಯಿತು.

ಪಟ್ಟಕ್ಕೆ ಬಂದವನನ್ನು ಇಲ್ಲಿ ‘ಅಳಿಯ’ ಅನ್ನುತ್ತೇನೆ. ಅವನಿಗಿಂತ ಮೊದಲು ಪಟ್ಟದಲ್ಲಿದ್ದ ಅವನ ಸೋದರಮಾವ ‘ದೊಡ್ಡ ಅರಸರು’. ಮೂರನೆಯವನು ದೊಡ್ಡ ಅರಸರ ಸ್ವಂತ ಮಗ. ಹೆಸರುಗಳಿಗಿಂತ ಈ ಸಂಬಂಧಗಳೇ ಇಲ್ಲಿ ಮುಖ್ಯ.

ಮನೆ ಮತ್ತು ಪಟ್ಟ

ಅರಸು ಅಂದ ಕೂಡಲೇ ಮೈಸೂರಿನ ಅರಮನೆ, ಜಂಬೂಸವಾರಿ ನೆನಪಾಗುತ್ತದೆ. ನಮ್ಮ ಕಡೆಯ ಅರಸರು ಆ ಅಳತೆಯವರಲ್ಲ. ಚೌಟರು, ಬಂಗರು, ಅಜಿಲರು, ಸಾವಂತರು ಅಂತ ಸಣ್ಣ ಸಣ್ಣ ಸೀಮೆ ಆಳಿದ ಮನೆಗಳು ತುಳುನಾಡಿನಲ್ಲಿದ್ದವು. ಕೆಳದಿಯವರಿಗೆ ಕಪ್ಪ ಕೊಟ್ಟರು. 1763ರಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ. 1799ರಲ್ಲಿ ಕಂಪನಿ ಬಂತು. ಆಳುವ ಅಧಿಕಾರ ಅಲ್ಲಿಗೇ ಮುಗಿಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ಸಂಸ್ಥಾನಿಕರ ರಾಜಧನ ನಿಂತಾಗ ಈ ಪ್ರಕರಣದ ಮನೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲವಂತೆ. ಬರುತ್ತಿದ್ದರೆ ತಾನೆ ನಿಲ್ಲುವುದು? ಇವರಿಗೆ ಪೆಟ್ಟು ಬಿದ್ದದ್ದು 1974ರ ಭೂಸುಧಾರಣೆಯಲ್ಲಿ. ಗೇಣಿಗೆ ಕೊಟ್ಟ ಗದ್ದೆಗಳೆಲ್ಲ ಉಳುವವರ ಪಾಲಾದವು. ಗೇಣಿದಾರರು ಕೊಟ್ಟ ಅರ್ಜಿಗೆ ಡಿಕ್ಲರೇಶನ್ ಅನ್ನುತ್ತಿದ್ದರು; ನಮ್ಮಲ್ಲಿ ಈಗಲೂ ‘ಡಿಕ್ಲರೇಶನ್‌ನಲ್ಲಿ ಹೋಯಿತು’ ಅನ್ನುತ್ತಾರೆ. ಹೋದದ್ದು ನ್ಯಾಯವೇ ಅನ್ನಿ. ಅದು ಬೇರೆ ಮಾತು.

ಉಳಿದದ್ದು ಹಂಚಿನ ದೊಡ್ಡ ಮನೆ, ನಾಲ್ಕು ಎಕರೆ ಅಡಿಕೆ ತೋಟ, ದೇವಸ್ಥಾನದಲ್ಲಿ ಆನುವಂಶಿಕ ಮೊಕ್ತೇಸರಿಕೆ, ಮತ್ತೆ ಪಟ್ಟದ ಚಾವಡಿ. ಚಾವಡಿಯ ಒಂದು ಮೂಲೆಯಲ್ಲಿ ಎತ್ತರದ ಮಣೆ, ಅದರ ಮೇಲೆ ಕೆಂಪು ಪಟ್ಟೆ. ಗೋಡೆಯ ಕಪಾಟಿನಲ್ಲಿ ಪಟ್ಟದ ಕತ್ತಿ. ಅದರ ಹಿಡಿಯ ಬೆಳ್ಳಿ ಸವೆದು ಒಳಗಿನ ಕಬ್ಬಿಣ ಕಾಣುತ್ತದೆ.

ಇಲ್ಲಿನ ಕಟ್ಟು ಅಳಿಯಸಂತಾನ. ಅಪ್ಪನಿಂದ ಮಗನಿಗೆ ಅಲ್ಲ, ಮಾವನಿಂದ ಅಳಿಯನಿಗೆ. ಭೂತಾಳಪಾಂಡ್ಯನ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ದೈವ ಬಲಿ ಕೇಳಿದಾಗ ಅರಸನ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು. ದೈವ ಮೆಚ್ಚಿ ಹುಡುಗನನ್ನು ಉಳಿಸಿತು. ಅಂದಿನಿಂದ ಪಟ್ಟ ತಂಗಿಯ ಮಕ್ಕಳಿಗೆ ಅಂತ ಕತೆ. ಆಸ್ತಿಯ ವಿಚಾರದಲ್ಲಿ ಈ ಕಟ್ಟನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಸಾಕಷ್ಟು ಸಡಿಲ ಮಾಡಿತು. ಆದರೆ ಚಾವಡಿಯ ಮಣೆಗೆ ಯಾವ ಕಾಯ್ದೆಯೂ ಇಲ್ಲ. ಅಲ್ಲಿ ಹಳೆಯದೇ ನಡೆಯುತ್ತಿದೆ.

ದೊಡ್ಡ ಅರಸರು ತೀರಿಕೊಂಡಾಗ ಅಳಿಯನಿಗೆ 31 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹೆಂಡತಿಗೂ ಅಲ್ಲೇ ಉದ್ಯೋಗ. ಎರಡು ವರ್ಷದ ಮಗಳು. ಪಟ್ಟದ ದಿನ ಕೈಗೆ ಉಂಗುರ ತೊಡಿಸಿ, ಮನೆತನದ ಪಟ್ಟದ ಹೆಸರು ಕರೆದರು. ಮಾರನೆ ದಿನವೇ ಅವನು ನನ್ನ ಹತ್ತಿರ ನಗಾಡಿದ: ‘ಮಾಷ್ಟ್ರೇ, ಈಗ ನನಗೆ ಎರಡು ಹೆಸರು. ಆಫೀಸಿನ ಬಾಗಿಲು ಹಳೆಯ ಹೆಸರಿಗೆ ಮಾತ್ರ ತೆರೆಯುತ್ತದೆ.’

ಸಮಸ್ಯೆ ಕಂಡದ್ದು ಎಣಿಸಿದ ಮೇಲೆ

ಮೊದಲ ವರ್ಷ ಅವನು ಯಾವುದಕ್ಕೂ ಇಲ್ಲ ಅನ್ನಲಿಲ್ಲ. ದೇವಸ್ಥಾನದ ಜಾತ್ರೆಗೆ ಕೊಡಿ (ಧ್ವಜ) ಏರುವ ದಿನ ಬಂದ. ದೈವ ಮೈಮೇಲೆ ಬಂದು ಕುಣಿದು ನುಡಿಯುವ ನೇಮಕ್ಕೆ ಬಂದ. ಸಂಕ್ರಮಣದ ದಿನ ದೈವಕ್ಕೆ ಕೊಡುವ ತಂಬಿಲದ ಪೂಜೆಗೆ ಬಂದ. ಬ್ರಹ್ಮಕಲಶ, ಕಂಬಳ, ಶಾಲೆಯ ವಾರ್ಷಿಕೋತ್ಸವ, ಯಾರದ್ದೋ ಗೃಹಪ್ರವೇಶ. ರಾತ್ರಿ ಬಸ್ಸು ಹತ್ತುವುದು, ಶಿರಾಡಿ ಘಾಟಿ ಇಳಿದು ಬೆಳಿಗ್ಗೆ ಮನೆ ಸೇರುವುದು, ಮಿಂದು ಪಂಚೆ ಉಟ್ಟು ಮಣೆಯಲ್ಲಿ ಕೂರುವುದು, ಆ ರಾತ್ರಿಯೇ ಮತ್ತೆ ಬಸ್ಸು. ಒಂದು ಸಲ ಸೋಮವಾರ ಬೆಳಗಿನ ಮೀಟಿಂಗಿಗೆ ಹಣೆಯ ಗಂಧ ಒರೆಸದೆ ಹೋಗಿ ಕೂತಿದ್ದನಂತೆ.

ಏಪ್ರಿಲಿನಲ್ಲಿ ಹೆಂಡತಿ ಒಂದು ಮಾತು ಕೇಳಿದಳು. ‘ನಿಮಗೆ ರಜೆ ಎಷ್ಟು, ಅವರಿಗೆ ಬೇಕಾದ ದಿನ ಎಷ್ಟು, ಯಾರಾದರೂ ಬರೆದಿಟ್ಟಿದ್ದಾರಾ?’ ಯಾರೂ ಬರೆದಿಟ್ಟಿರಲಿಲ್ಲ. ದೊಡ್ಡ ಅರಸರು ಇಡೀ ವರ್ಷ ಮನೆಯಲ್ಲೇ ಇದ್ದವರು. ಎಣಿಸುವ ಅಗತ್ಯವೇ ಬಿದ್ದಿರಲಿಲ್ಲ.

ಒಂದು ಭಾನುವಾರ ನಾನೂ ಅವನೂ ಪಂಚಾಂಗ ಇಟ್ಟುಕೊಂಡು ಕೂತೆವು. ‘ಅರಸರು ಇರಲೇಬೇಕು’ ಅಂತ ಯಾರಾದರೂ ಒಬ್ಬರು ಹೇಳುವ ದಿನಗಳನ್ನೆಲ್ಲ ಬರೆದೆವು. 41 ಆಯಿತು. ಕಂಪನಿಯ ರಜೆ 24. 41ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನವರಿಯಿಂದ ಪತ್ತನಾಜೆಯ ಒಳಗೆ. ಪತ್ತನಾಜೆ ಅಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಅಂದು ದೈವಗಳು ಕಾಲಿನ ಗಗ್ಗರ ಬಿಚ್ಚುತ್ತವೆ, ಆ ಮೇಲೆ ಮಳೆ ಕಳೆಯುವವರೆಗೆ ನೇಮವಿಲ್ಲ. ಮಳೆಗಾಲದಲ್ಲಿ ರಜೆ ಉಳಿಸಿ ಏನು ಮಾಡುವುದು?

ಇಂಗ್ಲೆಂಡಿನ ಯುವರಾಜನ ವಿಚಾರ ಪೇಪರಿನಲ್ಲಿ ಓದುವಾಗ ನನಗೆ ಈ ಪಂಚಾಂಗದ ಭಾನುವಾರ ನೆನಪಾಗುತ್ತದೆ. ಅಲ್ಲಿ ದಿನಚರಿ ನೋಡಿಕೊಳ್ಳಲು ಒಂದು ಕಚೇರಿಯೇ ಇದೆ. ಖರ್ಚಿಗೆ 1337ರಿಂದ ನಡೆದು ಬಂದ ಕಾರ್ನ್‌ವಾಲ್ ಜಾಗೀರಿನ ಆದಾಯ ಇದೆ. ನಮ್ಮ ಅಳಿಯನಿಗೆ ಇದ್ದದ್ದು ಒಂದು ವಾಟ್ಸಾಪ್ ಗುಂಪು. ಅದರಲ್ಲಿ ದಿನಕ್ಕೆ ನಾಲ್ಕು ಆಮಂತ್ರಣ ಪತ್ರಿಕೆ. ಹೆಚ್ಚಿನವುಗಳಲ್ಲಿ ಅವನನ್ನು ಕೇಳದೆಯೇ ‘ಗೌರವ ಉಪಸ್ಥಿತಿ’ ಅಂತ ಹೆಸರು ಅಚ್ಚಾಗಿರುತ್ತಿತ್ತು. ಚುನಾವಣೆ ಹತ್ತಿರ ಬಂದಾಗ ಒಬ್ಬರು ಅವನ ಫೋಟೊ ಹಾಕಿ ‘ಸೀಮೆಯ ಅರಸರ ಆಶೀರ್ವಾದದೊಂದಿಗೆ’ ಅಂತ ಪೇಟೆಯ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದರು. ಅವನು ಬೆಂಗಳೂರಿನಿಂದಲೇ ಫೋನ್ ಮಾಡಿ ಇಳಿಸಿದ. ಆ ಒಂದು ವಿಷಯದಲ್ಲಿ ಅವನು ಮೊದಲ ದಿನದಿಂದಲೂ ಗಟ್ಟಿ. ‘ಗಂಧ ಎಲ್ಲ ಪಾರ್ಟಿಯವರೂ ತೆಗೆದುಕೊಳ್ಳುತ್ತಾರೆ’ ಅಂದ, ಅಷ್ಟೆ.

ಮಾಡಿ ನೋಡಿದ್ದು

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದು: ಮನೆಯಿಂದಲೇ ಕೆಲಸ. ಕೊರೊನಾ ಕಳೆದಿದ್ದರೂ ಆಫೀಸಿಗೆ ಬರಲೇಬೇಕು ಅಂತ ಒತ್ತಾಯ ಇರಲಿಲ್ಲ. ಇಂಟರ್ನೆಟ್ ಎಳೆಸಿ, ಉಪ್ಪರಿಗೆಯಲ್ಲಿ ಮೇಜು ಹಾಕಿದರು. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ವಾರಕ್ಕೆ ಮೂರು ದಿನ ಬನ್ನಿ ಅಂತ ಕಂಪನಿ ಕರೆಯಿತು. ಇನ್ನೊಂದು ತೊಂದರೆಯೂ ಇತ್ತು. ಅರಸು ಮನೆಯಲ್ಲಿದ್ದಾನೆ ಅಂತ ಗೊತ್ತಾದರೆ ಜನ ಬರುತ್ತಲೇ ಇರುತ್ತಾರೆ. ಅವನು ಮೇಲೆ ಕಂಪ್ಯೂಟರ್ ಎದುರು, ಕೆಳಗೆ ಚಾವಡಿಯಲ್ಲಿ ಗಡಿ ತಕರಾರಿನ ಇಬ್ಬರು ಅಣ್ಣತಮ್ಮಂದಿರು ಕಾಯುತ್ತಾ.

ಎರಡನೆಯ ಉಪಾಯ ನಾನೇ ಹೇಳಿದ್ದು. ಈಗ ಯೋಚಿಸಿದರೆ ಅದು ನನ್ನ ತಪ್ಪು. ದೊಡ್ಡ ಅರಸರ ಮಗ ಊರಲ್ಲೇ ಇದ್ದ. ತೋಟ ನೋಡುವವನು ಅವನೇ. ಯಾವ ದೈವಕ್ಕೆ ಯಾವ ಕ್ರಮ, ಯಾವ ಗುತ್ತಿನವರಿಗೆ (ಸೀಮೆಯ ಹಿರಿಯ ಮನೆತನದವರಿಗೆ) ಮೊದಲ ಗಂಧ, ದೈವ ಕಟ್ಟುವವರಿಗೆ ಎಣ್ಣೆಬೂಳ್ಯ, ಅಂದರೆ ಎಣ್ಣೆ-ವೀಳ್ಯ, ಕೊಡುವಾಗ ಏನು ಹೇಳಬೇಕು, ಎಲ್ಲ ಬಾಯಿಪಾಠ. ಅಪ್ಪನ ಬದಿಯಲ್ಲಿ ನಿಂತು ಮೂವತ್ತು ವರ್ಷ ನೋಡಿದವನು. ‘ಅಳಿಯ ಇಲ್ಲದ ದಿನ ಅವನು ಕೂರಲಿ’ ಅಂದೆ. ಅಳಿಯ ಕೂಡಲೇ ಒಪ್ಪಿದ. ಮಗ ಎರಡು ದಿನ ಸುಮ್ನಿದ್ದು, ಆಮೇಲೆ ಹೂಂ ಅಂದ.

ಎರಡು ಸಲ ಕೂತ. ಮೂರನೆಯ ಸಲ ಗಂಧದ ಹೊತ್ತಿಗೆ ಒಂದು ಗುತ್ತಿನ ಹಿರಿಯರು ಎದ್ದು ನಿಂತರು. ‘ಮಗ ಕೂತರೆ ನಾಳೆ ಮಗನ ಮಗ ಕೂರುತ್ತಾನೆ. ಕಟ್ಟು ಬದಲಾಯಿತು ಅಂತ ಹೇಳಿ, ನಾವು ಮನೆಗೆ ಹೋಗುತ್ತೇವೆ’ ಅಂದರು. ಇನ್ನೊಂದು ಗುತ್ತಿನವರು ಮಗನ ಪರ ನಿಂತರು. ಮಾತಿಗೆ ಮಾತು ಬೆಳೆಯಿತು. ಗಂಧದ ಬಟ್ಟಲು ಹಿಡಿದವರು ಯಾರ ಕಡೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತಿದ್ದರು. ಮಗ ತಾನಾಗಿಯೇ ಮಣೆಯಿಂದ ಎದ್ದ. ಕೆಂಪು ಪಟ್ಟೆ ನೆಟ್ಟಗೆ ಮಾಡಿ, ಹಿಂದೆ ಹೋಗಿ ಕಂಬಕ್ಕೆ ಒರಗಿ ನಿಂತ. ಆ ರಾತ್ರಿ ಅವನು ಊಟ ಮಾಡಲಿಲ್ಲ ಅಂತ ಆಮೇಲೆ ತಿಳಿಯಿತು.

ಅಳಿಯ ಬಾರದ ದಿನಗಳಲ್ಲಿ ಜನ ಗೊಣಗಿದ್ದರು. ಆದರೆ ಯಾರೂ ಎದ್ದು ನಿಂತಿರಲಿಲ್ಲ. ಆ ಜಾಗದಲ್ಲಿ ಬೇರೆಯವನು ಕೂತಾಗ ಎದ್ದು ನಿಂತರು. ಈ ವ್ಯತ್ಯಾಸ ನನಗೆ ಮೊದಲೇ ಹೊಳೆಯಬೇಕಿತ್ತು. ಮಣೆ ಖಾಲಿ ಇದ್ದರೆ ಅರಸು ಎಲ್ಲಿಗೋ ಹೋಗಿದ್ದಾನೆ ಅಂತ ಅರ್ಥ. ಬೇರೆಯವನು ಕೂತರೆ ಅರಸು ಬದಲಾದ ಅಂತ ಅರ್ಥ. ಕೂತವನು ಎಷ್ಟು ತಿಳಿದವನು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಬೇರೆ ಮನೆಯವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಪ್ರತಿನಿಧಿಯನ್ನು ನೇಮಿಸುವ ಮೊದಲು, ಖಾಲಿ ಬಿಟ್ಟರೆ ಏನಾಗುತ್ತದೆ ನೋಡಿ.

ಮೂರನೆಯದು ಕತ್ತಿ. ಇದರ ನೆನಪು ಬಂದದ್ದು ಮೈಸೂರಿನಿಂದ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. 2014ರ ದಸರಾ ಹೊತ್ತಿಗೆ ಇನ್ನೂ ದತ್ತು ಆಗಿರಲಿಲ್ಲ. ಆ ವರ್ಷದ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನೇ ಇಟ್ಟು ಪೂಜೆ ನಡೆಸಿದರು. ಯದುವೀರರ ದತ್ತು 2015ರ ಫೆಬ್ರವರಿಯಲ್ಲಿ, ಪಟ್ಟಾಭಿಷೇಕ ಮೇ ತಿಂಗಳಲ್ಲಿ. ಅದನ್ನು ಟೀವಿಯಲ್ಲಿ ನೋಡಿದವರು ನಮ್ಮ ಸಮಿತಿಯಲ್ಲೂ ಇದ್ದರು. ‘ನಮ್ಮಲ್ಲೂ ಕತ್ತಿ ಉಂಟಲ್ಲ ಮಾರಾಯ್ರೆ, ಇಡುವ’ ಅಂದರು.

ಇಟ್ಟೆವು. ನವರಾತ್ರಿ ಪೂಜೆಗೆ, ತಂಬಿಲಕ್ಕೆ, ಕೊಡಿ ಏರುವ ದಿನಕ್ಕೆ. ಮಣೆಯ ಮೇಲೆ ಕತ್ತಿ, ಅದಕ್ಕೊಂದು ಮಲ್ಲಿಗೆ ಮಾಲೆ. ಯಾರೂ ತಕರಾರು ಎತ್ತಲಿಲ್ಲ. ಕತ್ತಿಯನ್ನು ಕಪಾಟಿನಿಂದ ತಂದು ಇಡುವವನು ದೊಡ್ಡ ಅರಸರ ಮಗನೇ. ಅದಕ್ಕೂ ತಕರಾರಿಲ್ಲ. ಆ ವರ್ಷ ಅಳಿಯನ 19 ಪ್ರಯಾಣ ಉಳಿಯಿತು. ಸಮಸ್ಯೆ ಮುಗಿಯಿತು ಅಂದುಕೊಂಡೆವು.

ನೇಮದ ರಾತ್ರಿ

ಎರಡನೆಯ ವರ್ಷದ ವಾರ್ಷಿಕ ನೇಮ. ಇದಕ್ಕೆ ಅಳಿಯ ಬರುವುದು ಖಂಡಿತ ಇತ್ತು. ಟಿಕೆಟ್ ಆಗಿತ್ತು. ಹಿಂದಿನ ದಿನ ಮಗಳಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದರು. ಡೆಂಗಿ. ನೇಮದ ದಿನ ಸಂಜೆ ನಾಲ್ಕಕ್ಕೆ ಫೋನ್ ಬಂತು. ‘ಪ್ಲೇಟ್‌ಲೆಟ್ ಇಳಿಯುತ್ತಾ ಉಂಟು. ನಾನು ಬರುವುದಿಲ್ಲ.’ ಬರಲಿಕ್ಕೆ ಆಗುವುದಿಲ್ಲ ಅನ್ನಲಿಲ್ಲ. ಬರುವುದಿಲ್ಲ ಅಂದ. ಆ ನಿರ್ಧಾರದ ಬಗ್ಗೆ ಆಮೇಲೆ ಎಷ್ಟೋ ಚರ್ಚೆಯಾಯಿತು. ಅವನು ಮಾತ್ರ ಒಂದು ದಿನವೂ ಅದಕ್ಕೆ ಕ್ಷಮೆ ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ ಅಂತ ನನ್ನ ಅಭಿಪ್ರಾಯ.

ಕತ್ತಿ ಇಟ್ಟೆವು. ದೈವದ ಒಡವೆ, ಆಯುಧಗಳ ಭಂಡಾರ ಬಂತು. ಎಣ್ಣೆಬೂಳ್ಯ ಮನೆತನದ ಹೆಸರಲ್ಲಿ ಕೊಟ್ಟಾಯಿತು. ನಡುರಾತ್ರಿ ಕಳೆದು ದೈವ ಬೆನ್ನಿಗೆ ದೊಡ್ಡ ಅಣಿಯ ಅಲಂಕಾರ ಕಟ್ಟಿಕೊಂಡು ಬಂತು. ತೆಂಬರೆ, ವಾಲಗ, ದೀವಟಿಗೆಯ ಎಣ್ಣೆ ವಾಸನೆ. ಕುಣಿತ ಮುಗಿದು ನುಡಿಯ ಹೊತ್ತು. ವಾದ್ಯ ನಿಂತಿತು. ದೈವ ಚಾವಡಿಯ ಎದುರು ಬಂದು ಸೀಮೆಯ ಅರಸು ಎಲ್ಲಿ ಅಂತ ಕರೆಯಿತು.

ಮೈಸೂರಿಗೂ ನಮಗೂ ಇರುವ ವ್ಯತ್ಯಾಸ ಆಗ ಗೊತ್ತಾಯಿತು. ದರ್ಬಾರಿಗೆ ಸಿಂಹಾಸನ ತುಂಬಿದ್ದರೆ ಸಾಕು. ನೇಮಕ್ಕೆ ಉತ್ತರ ಬೇಕು. ಕತ್ತಿ ಕೂರುತ್ತದೆ, ಓಗೊಡುವುದಿಲ್ಲ.

ಎರಡನೆಯ ಸಲ ಕರೆಯಿತು. ದೈವದ ಜೊತೆ ಊರವರ ಪರವಾಗಿ ಮಾತಾಡುವ ಮಧ್ಯಸ್ಥರು ನನ್ನ ಮುಖ ನೋಡಿದರು. ನಾನು ದೊಡ್ಡ ಅರಸರ ಮಗನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನಿಗೆ ಉತ್ತರ ಗೊತ್ತಿತ್ತು. ಹೇಳಬಾರದು ಅಂತಲೂ ಗೊತ್ತಿತ್ತು. ಗಗ್ಗರದ ಸಣ್ಣ ಸದ್ದು ಬಿಟ್ಟರೆ ಅಷ್ಟು ಜನರ ನಡುವೆ ಉಸಿರಿಲ್ಲ.

ಮೂರನೆಯ ಸಲ ಕರೆದಾಗ ಒಳಗಿನ ಮೆಟ್ಟಿಲಿನಿಂದ ‘ಓ’ ಅಂತ ಕೇಳಿತು. ಅಳಿಯನ ಅಮ್ಮ. ದೊಡ್ಡ ಅರಸರ ತಂಗಿ. 63 ವರ್ಷ, ಮಂಡಿ ನೋವು, ಗೋಡೆ ಹಿಡಿದು ಇಳಿದು ಬಂದರು. ಮಣೆಯ ಹತ್ತಿರ ಹೋಗಲಿಲ್ಲ. ಅದರ ಬದಿಗೆ ನೆಲದಲ್ಲಿ ನಿಂತರು. ‘ಮಗ ದೂರ ಇದ್ದಾನೆ. ಅವನ ಮಗು ಹಾಸಿಗೆಯಲ್ಲಿದೆ. ಮನೆ ಉಂಟು, ನಾನಿದ್ದೇನೆ’ ಅಂದರು. ತುಳುವಿನಲ್ಲಿ ಇನ್ನೂ ಚಿಕ್ಕದಾಗಿ ಹೇಳಿದರು. ಮಾತಿನಲ್ಲಿ ಅಳು ಇರಲಿಲ್ಲ.

ದೈವ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮಗುವಿಗೆ ಅಭಯ ನುಡಿಯಿತು. ಗಂಧ ಬಾಳೆಎಲೆಯಲ್ಲಿ ಅವರ ಕೈಗೆ ಬಂತು. ಅವರು ಅದರಿಂದ ಒಂದು ಚೂರು ಕತ್ತಿಯ ಹಿಡಿಗೆ ಹಚ್ಚಿದರು.

ಆಮೇಲೆ

ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುವಾಗಲೇ ಎರಡು ಪಕ್ಷ. ಹೆಂಗಸು ಅರಸು ಗಂಧ ಹಿಡಿದದ್ದು ಎಲ್ಲಿಯ ಕ್ರಮ ಅಂತ ಕೆಲವರು. ಮಗನನ್ನು ಎಬ್ಬಿಸಿದ ಅದೇ ಗುತ್ತಿನ ಹಿರಿಯರು ಈ ಸಲ ಬೇರೆ ಮಾತು ಹೇಳಿದರು: ‘ಪಟ್ಟ ಬರುವುದು ಯಾರ ಹೊಟ್ಟೆಯಿಂದ? ಅವರು ಓಗೊಡದೆ ಮತ್ತೆ ಯಾರು ಓಗೊಡಬೇಕು?’ ಆ ಮಾತಿನ ತೂಕ ನೋಡಿ. ಕಟ್ಟನ್ನು ಬಿಗಿಯಾಗಿ ಹಿಡಿದವರೇ ದಾರಿ ಬಿಟ್ಟುಕೊಟ್ಟರು. ಇಂಥ ಮನೆಗಳಲ್ಲಿ ಬದಲಾವಣೆ ತರಬೇಕೆಂದು ಹೊರಟವರು ಸಾಮಾನ್ಯವಾಗಿ ಹೊಸಬರನ್ನು, ಓದಿದವರನ್ನು ಹುಡುಕಿಕೊಂಡು ಹೋಗುತ್ತಾರೆ. ನಮಗೆ ಕೆಲಸಕ್ಕೆ ಬಂದದ್ದು ಹಳೆಯ ಕ್ರಮವನ್ನು ಚೆನ್ನಾಗಿ ತಿಳಿದವರ ಬಾಯಿ.

ಮಗು ಹುಷಾರಾಯಿತು. ತಿಂಗಳ ನಂತರ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಅಡ್ಡಿ ಕಾಣಲಿಲ್ಲ. ಪತ್ತನಾಜೆ ಕಳೆದ ಮೇಲೆ ಗುತ್ತಿನವರೆಲ್ಲ ಸೇರಿದರು. ಆ 41 ದಿನಗಳ ಪಟ್ಟಿ ಮೇಜಿನ ಮೇಲೆ ಬಂತು. ನಾಲ್ಕು ಗಂಟೆ ಚರ್ಚೆ. ಕೊನೆಗೆ 11 ದಿನಕ್ಕೆ ಅರಸು ಸ್ವತಃ ಬರಬೇಕು ಅಂತ ಆಯಿತು. ಯಾರೋ ಕರೆಯುವ, ಉತ್ತರ ಕೊಡಬೇಕಾದ ಇನ್ನೂ 9 ದಿನಕ್ಕೆ ಅವನು ಬಾರದಿದ್ದರೆ ಅಮ್ಮ. ಉಳಿದ 21ಕ್ಕೆ ಕತ್ತಿ ಸಾಕು. ಆ ಇಪ್ಪತ್ತೊಂದರಲ್ಲಿ ಎಂಟೋ ಒಂಬತ್ತೋ ದಿನಗಳಿಗೆ ಅರಸು ಯಾಕೆ ಬೇಕು ಅಂತ ಯಾರಿಗೂ ಹೇಳಲಿಕ್ಕಾಗಲಿಲ್ಲ. ದೊಡ್ಡ ಅರಸರಿಗೆ ಸಂಜೆ ಹೊರಗೆ ಹೋಗುವುದೆಂದರೆ ಇಷ್ಟ, ಹಾಗಾಗಿ ಹೋಗುತ್ತಿದ್ದರು, ಅದೇ ಕ್ರಮವಾಗಿತ್ತು. ಒಬ್ಬರ ಹವ್ಯಾಸ ಇನ್ನೊಬ್ಬರ ಕರ್ತವ್ಯ ಆಗಿಬಿಡುವುದು ಎಷ್ಟು ಸುಲಭ ಅಲ್ವಾ?

ಕಾರ್ಡಿನಲ್ಲಿ ಹೆಸರು ಹಾಕುವ ಮೊದಲು ಕೇಳಬೇಕು ಅಂತಲೂ ನಿರ್ಣಯ ಬರೆದೆ. ಅದನ್ನು ಅರ್ಧ ಜನ ಪಾಲಿಸುತ್ತಾರೆ.

ಅಳಿಯ ಮರುವರ್ಷ ಮಂಗಳೂರಿನ ಒಂದು ಕಂಪನಿಗೆ ಸೇರಿದ. ಸಂಬಳ ಕಡಿಮೆಯಾಯಿತು. ಪಟ್ಟಕ್ಕಾಗಿ ಬಿಟ್ಟು ಬಂದ ಅಂತ ಊರವರು ಹೆಮ್ಮೆಯಿಂದ ಹೇಳುತ್ತಾರೆ. ಅವನು ಹೇಳುವುದು ಬೇರೆ: ಆಸ್ಪತ್ರೆಯ ಆ ವಾರ ಬೆಂಗಳೂರಿನಲ್ಲಿ ಅವರಿಬ್ಬರೇ ಇದ್ದದ್ದು ಹೆಂಡತಿಗೂ ಅವನಿಗೂ ಸಾಕಾಗಿತ್ತು, ಅಷ್ಟೆ. ಎರಡೂ ನಿಜ ಇರಬಹುದು.

ಸರಿಹೋಗದ್ದೂ ಉಂಟು. ದೊಡ್ಡ ಅರಸರ ಮಗ ಈಗಲೂ ತೋಟ ನೋಡುತ್ತಾನೆ, ಕತ್ತಿ ತಂದು ಇಡುತ್ತಾನೆ. ಆದರೆ ಗಂಧದ ಹೊತ್ತಿಗೆ ಚಾವಡಿಯಲ್ಲಿ ನಿಲ್ಲುವುದಿಲ್ಲ, ಅಡುಗೆ ಕೋಣೆಯ ಕಡೆ ಹೋಗುತ್ತಾನೆ. ಆ ರಾತ್ರಿ ಅವನನ್ನು ಕೂರಿಸಿದ್ದು ನನ್ನ ಸಲಹೆ. ಅವನ ಹತ್ತಿರ ಆ ಮಾತು ಎತ್ತಲು ಎರಡು ಸಲ ಹೋದೆ. ಎರಡು ಸಲವೂ ಅಡಿಕೆ ರೇಟಿನ ವಿಷಯ ಮಾತಾಡಿ ವಾಪಸ್ ಬಂದೆ.

ಮುಂದಿನದ್ದೂ ಕಾಣುತ್ತಿದೆ. ಅಳಿಯಕಟ್ಟಿನ ಪ್ರಕಾರ ಮುಂದಿನ ಪಟ್ಟ ಅವನ ಅಕ್ಕನ ಮಗನಿಗೆ. ಒಂಬತ್ತು ವರ್ಷದ ಹುಡುಗ, ಮಸ್ಕತ್‌ನಲ್ಲಿ ಓದುತ್ತಿದ್ದಾನೆ. ಮನೆಯಲ್ಲಿ ತುಳು ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಜ್ಜಿ ವಾರಕ್ಕೊಮ್ಮೆ ಫೋನ್ ಮಾಡಿ ಅವನಿಗೆ ಪಾಠ ಹೇಳುತ್ತಾರೆ. ಪಾಠ ಅಂದರೆ ಇಷ್ಟೇ: ಅವರು ದೊಡ್ಡ ಸ್ವರದಲ್ಲಿ ಕರೆಯುತ್ತಾರೆ, ಅವನು ‘ಓ’ ಅನ್ನಬೇಕು. ಮೊದಮೊದಲು ‘ಎಸ್ ಅಜ್ಜಿ’ ಅನ್ನುತ್ತಿದ್ದನಂತೆ.

ಕಳೆದ ವಾರ ನಾನು ಹೋದಾಗ ಫೋನ್ ಸ್ಪೀಕರಿನಲ್ಲಿತ್ತು. ಕಾಲು ಚಾಚಿ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕರೆದರು. ಉತ್ತರ ಬರಲಿಲ್ಲ. ಮತ್ತೆ ಕರೆದರು. ‘ಓ’ ಅಂತ ಶುರುವಾದ ಹಾಗೆ ಆಯಿತು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅವರು ಫೋನ್ ನನ್ನ ಕಡೆ ನೂಕಿ, ‘ಇದನ್ನೊಮ್ಮೆ ಸರಿ ಮಾಡಿ ಕೊಡಿ ಮಾಷ್ಟ್ರೇ, ಇನ್ನೊಂದು ಸಲ ಉಂಟು’ ಅಂದರು.